ಕೊನೆಯ ದಿನದ ಮಳೆ, ಕೌದಳ್ಳಿಯ ತೀರ್ಮಾನ

ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವ ತಂಡಗಳು ಹೋಗುವ ದಾರಿಯ ಬಗ್ಗೆ ವಾರಗಟ್ಟಲೆ ಮಾತಾಡುತ್ತವೆ. ಹಾಸಿಗೆ, ಪಾತ್ರೆ ಯಾರ ಟೆಂಪೊದಲ್ಲಿ ಬರಬೇಕು, ಮೊದಲ ರಾತ್ರಿ ಯಾವ ಊರಿನಲ್ಲಿ ಮಲಗಬೇಕು, ಅಡುಗೆಗೆ ಯಾರು, ಮುಡಿ ಕೊಡುವ ಮಕ್ಕಳು ಎಷ್ಟು, ಎಲ್ಲವೂ ಊರಲ್ಲೇ ಇತ್ಯರ್ಥವಾಗಿರುತ್ತದೆ. ವಾಪಸು ಬರುವ ವಿಚಾರಕ್ಕೆ ಮಾತ್ರ ಒಂದೇ ಮಾತು: ‘ಬಸ್ ಸಿಕ್ತದ, ಬಂದ್ಬುಡದು.’ ಒಣಗಿದ ದಿನಗಳಲ್ಲಿ ಈ ಮಾತು ನಡೆಯುತ್ತದೆ. ಮಳೆ ಹಿಡಿದ ದಿನ, ಕಾಲು ಸೋತ ಐವತ್ತು ಜನ, ನೆನೆದ ಗಂಟುಮೂಟೆ, ಅಳುವ ಮಕ್ಕಳು, ತುಂಬಿ ಬರುವ ಬಸ್ಸು ಇವೆಲ್ಲ ಒಂದೇ ಹೊತ್ತಿಗೆ ಸೇರಿದಾಗ ಆ ಮಾತು ನಡೆಯುವುದಿಲ್ಲ. ಇಡೀ ಯಾತ್ರೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಈ ಕೊನೆಯ ದಿನವನ್ನೇ, ಅದನ್ನು ಯೋಚಿಸಲು ತಕ್ಕ ಜಾಗ ಕೌದಳ್ಳಿ.

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ರಸ್ತೆಯಲ್ಲಿ ಸುಮಾರು 80 ಕಿ.ಮೀ. ಕಾಮಗೆರೆ, ಹನೂರು ಕಳೆದ ಮೇಲೆ ಕೌದಳ್ಳಿ ಸಿಗುತ್ತದೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಹನೂರು ತಾಲ್ಲೂಕಿನದು. ಇಲ್ಲಿ ಅಂಗಡಿ, ಹೋಟೆಲು, ಬಸ್ಸು ನಿಲ್ಲುವ ತಾಣ, ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲ ಇವೆ. ಮಳೆ ಬಂದರೆ ನಿಲ್ಲಲು ಸೂರುಗಳಿವೆ. ಇಲ್ಲಿಂದ ಮುಂದೆ ಊರುಗಳು ತೆಳುವಾಗುತ್ತ, ತಾಳುಬೆಟ್ಟದ ಹೊತ್ತಿಗೆ ಕಾಡು ದಟ್ಟವಾಗುತ್ತದೆ. ತಾಳುಬೆಟ್ಟದಿಂದ ಮೇಲಕ್ಕೆ ಎರಡು ದಾರಿ: ವಾಹನಗಳಿಗೆ ತಿರುವು ತಿರುವಿನ ಘಾಟಿ ರಸ್ತೆ, ನಡೆಯುವವರಿಗೆ ಹಳೆಯ ಮೆಟ್ಟಿಲು ದಾರಿ. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಸುತ್ತಲ ಕಾಡಿನಲ್ಲಿ ಸುಮಾರು 906 ಚದರ ಕಿ.ಮೀ. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವೆಂದು ಘೋಷಣೆಯಾಯಿತು.

ಅಂದರೆ ಕೌದಳ್ಳಿಯಲ್ಲಿ ನಿಂತ ತಂಡಕ್ಕೆ ಇನ್ನೂ ಆಯ್ಕೆಗಳಿವೆ. ತಾಳುಬೆಟ್ಟ ದಾಟಿ ಅರ್ಧ ಮೆಟ್ಟಿಲು ಹತ್ತಿದ ತಂಡಕ್ಕೆ ಇರುವುದು ಮೇಲೆ ಹೋಗುವ ಅಥವಾ ಕೆಳಗೆ ಇಳಿಯುವ ದಾರಿ ಮಾತ್ರ, ಎರಡೂ ಜಾರುತ್ತಿರುತ್ತವೆ.

ದೀಪಾವಳಿ ಎಂದರೆ ಮಳೆ ಎಂದೇ ಲೆಕ್ಕ

ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಡಳಿತ ಮೈಸೂರಿನ ಕಡೆ ಬಂದರೂ ಮಳೆಯ ಪಂಚಾಂಗ ಇಂದಿಗೂ ಅರ್ಧ ತಮಿಳುನಾಡಿನ ಕಡೆಯದೇ. ಜೂನ್, ಜುಲೈನಲ್ಲಿ ನೈಋತ್ಯ ಮುಂಗಾರು ಕೊಡಗು, ಮಲೆನಾಡನ್ನು ತೊಯ್ಯಿಸುವಾಗ ಹನೂರಿನ ಕಡೆ ಬಹುಪಾಲು ಗಾಳಿ, ಮೋಡ, ತುಂತುರು ಅಷ್ಟೆ. ಪಶ್ಚಿಮ ಘಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟಸಾಲು ಆ ಮೋಡಗಳ ನೀರನ್ನು ಮೊದಲೇ ಇಳಿಸಿಕೊಂಡಿರುತ್ತವೆ. ಈ ಸೀಮೆಗೆ ಮಳೆ ಬರುವುದು ಎರಡು ಸಲ: ಏಪ್ರಿಲ್ ಕೊನೆಯಿಂದ ಮೇ ತನಕ ಗುಡುಗಿನ ಮಳೆ, ಆಮೇಲೆ ಸೆಪ್ಟೆಂಬರಿನಿಂದ ನವೆಂಬರ್ ತನಕ ಹಿಂಗಾರಿನ ಹೊಡೆತ.

ಬೆಟ್ಟದ ಜಾತ್ರೆಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಶಿವರಾತ್ರಿಗೆ ನಡೆಯುವವರ ಶತ್ರು ಬಿಸಿಲು. ಯುಗಾದಿಗೂ ಹೆಚ್ಚುಕಡಿಮೆ ಬಿಸಿಲೇ, ಆಗೊಂದು ಈಗೊಂದು ಸಂಜೆ ಮಳೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಉತ್ತರೆ, ಹಸ್ತ ಮಳೆಗಳು ನಡೆಯುತ್ತಿರುತ್ತವೆ. ದೀಪಾವಳಿ ಬೀಳುವುದು ಚಿತ್ತೆ, ಸ್ವಾತಿ, ವಿಶಾಖಗಳ ನಡುವೆ. ಬೇಡಗಂಪಣ ಸಮುದಾಯದ ಹೆಣ್ಣುಮಕ್ಕಳು ಉಪವಾಸವಿದ್ದು ಹಳ್ಳದ ನೀರನ್ನು ಕಳಶಗಳಲ್ಲಿ ಹೊತ್ತು ತರುವ ಹಾಲರವಿ ಉತ್ಸವವನ್ನು ನೋಡಬೇಕೆಂದು ದೀಪಾವಳಿಗೇ ನಡೆಯುವ ತಂಡಗಳು ಬಹಳ. ಅಂಥ ತಂಡಗಳು ಮಳೆ ಬಂದರೆ ಏನು ಮಾಡೋಣ ಎಂದು ಕೇಳಿಕೊಳ್ಳುವುದಕ್ಕಿಂತ ಮಳೆ ಬರುತ್ತದೆ ಎಂದೇ ಹೊರಡುವುದು ಒಳ್ಳೆಯದು.

ಆ ಮಳೆಯಲ್ಲೂ ಎರಡು ಬಗೆ. ಮಧ್ಯಾಹ್ನದವರೆಗೆ ಬಿಸಿಲು ಕಾಯಿಸಿ, ಮೂರು ನಾಲ್ಕು ಗಂಟೆಗೆ ಮೋಡ ಕಟ್ಟಿ, ಗುಡುಗಿ, ಒಂದೆರಡು ಗಂಟೆ ಜಡಿದು ನಿಲ್ಲುವ ಮಳೆ ಒಂದು. ಇದಕ್ಕೆ ಮದ್ದು ಬೆಳಗಿನ ನಡಿಗೆ. ಬೆಳಕು ಹರಿದ ಕೂಡಲೇ ಹೊರಟರೆ ಮಧ್ಯಾಹ್ನದೊಳಗೆ ದಾರಿ ಮುಗಿಯುತ್ತದೆ. ಇನ್ನೊಂದು, ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಮಳೆ. ಹಗಲು ರಾತ್ರಿ ಬಿಡದೆ ಎರಡು ಮೂರು ದಿನ ಜಿನುಗುತ್ತ, ನಡುನಡುವೆ ಸುರಿಯುತ್ತ ಇರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಇಂಥ ಮಳೆಯನ್ನು ಹಳೆ ಮೈಸೂರಿನ ದಕ್ಷಿಣ ಭಾಗಕ್ಕೂ ತಂದಿತ್ತು. ಈ ಬಗೆಯ ಮಳೆಗೆ ಬೆಳಿಗ್ಗೆ ಬೇಗ ಹೊರಡುವುದೂ ಪರಿಹಾರವಲ್ಲ. ಆದರೆ ಇದರ ಸುದ್ದಿ ಎರಡು ಮೂರು ದಿನ ಮುಂಚೆಯೇ ಬಂದಿರುತ್ತದೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆಗಳಿಗೆ ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಎಂದರೆ 24 ಗಂಟೆಯಲ್ಲಿ 11 ಸೆಂ.ಮೀ. ಮೀರಿ ಸುರಿಯುವ ಮಳೆಗೆ ಸಿದ್ಧರಾಗಿರಿ ಎಂದು ಅರ್ಥ. ಚಾಮರಾಜನಗರ ಜಿಲ್ಲೆಗೆ ಕಿತ್ತಳೆ ಬಣ್ಣ ಬಿದ್ದ ದಿನ ಮೆಟ್ಟಿಲು ದಾರಿಯ ಯೋಚನೆಯನ್ನೇ ಬಿಡಬೇಕು.

ಬಸ್ಸಿನಿಂದ ಹಿಂದಕ್ಕೆ ಎಣಿಸುವುದು

ಕೌದಳ್ಳಿಯಲ್ಲಿ ತಂಗಿದ ರಾತ್ರಿ, ಊಟಕ್ಕೆ ಮೊದಲು, ತಂಡದ ಹಿರಿಯರು ಹತ್ತು ನಿಮಿಷ ಕೂತು ಲೆಕ್ಕ ಹಾಕಬೇಕು. ಲೆಕ್ಕ ಶುರುವಾಗಬೇಕಾದದ್ದು ಬೆಳಗಿನಿಂದ ಅಲ್ಲ, ಮರುದಿನ ಸಂಜೆ ಹತ್ತಬೇಕಾದ ಬಸ್ಸಿನಿಂದ. ಕೊಳ್ಳೇಗಾಲಕ್ಕೆ ರೈಲಿಲ್ಲ. ಯಳಂದೂರು, ಮಳವಳ್ಳಿ, ತಿ. ನರಸೀಪುರ ಯಾವ ಕಡೆಯವರಾದರೂ ಬೆಟ್ಟದಿಂದ ಬಸ್ಸಿನಲ್ಲೇ ಇಳಿಯಬೇಕು, ಹಲವರು ಕೊಳ್ಳೇಗಾಲದಲ್ಲಿ ಇನ್ನೊಂದು ಬಸ್ಸಿಗೆ ಬದಲಾಗಬೇಕು. ಅಲ್ಲಿಂದ ತಮ್ಮೂರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು ಮೊದಲ ಪ್ರಶ್ನೆ. ಬೆಟ್ಟದಿಂದ ಕೊಳ್ಳೇಗಾಲಕ್ಕೆ ಒಣ ದಿನದಲ್ಲಿ ಹಿಡಿಯುವ ಹೊತ್ತಿಗೆ ಮಳೆಯ ದಿನ ಒಂದು ಗಂಟೆಯಾದರೂ ಸೇರಿಸಬೇಕು. ಘಾಟಿಯಲ್ಲಿ ಚಾಲಕರು ಇಳಿಜಾರಿಗೆ ಚಿಕ್ಕ ಗೇರಿನಲ್ಲೇ ಇಳಿಯುತ್ತಾರೆ, ಎದುರಿನ ವಾಹನಕ್ಕೆ ತಿರುವಿನಲ್ಲಿ ಕಾಯುತ್ತಾರೆ. ಅವರನ್ನು ಅವಸರಪಡಿಸುವ ಹಕ್ಕು ಯಾರಿಗೂ ಇಲ್ಲ.

ಅದರ ಹಿಂದೆ ದರ್ಶನ, ಮುಡಿ, ಊಟದ ಹೊತ್ತು. ಜಾತ್ರೆಯ ದಿನ ಸರದಿ ಸಾಲು ಎಷ್ಟು ಉದ್ದವಿದೆಯೆಂದು ಕೌದಳ್ಳಿಯಲ್ಲಿ ಕೂತು ಹೇಳಲಾಗದು. ಮೇಲಿಂದ ಇಳಿದು ಬರುವ ಬಸ್ಸಿನವರನ್ನು ಕೇಳಿದರೆ ಸುಮಾರಾದ ಅಂದಾಜು ಸಿಗುತ್ತದೆ. ಅದರ ಹಿಂದೆ ಮೆಟ್ಟಿಲು, ಅದರ ಹಿಂದೆ ತಾಳುಬೆಟ್ಟದ ತನಕದ ನಡಿಗೆ. ಗಟ್ಟಿ ಕಾಲಿನವರು ಗಂಟೆಗೆ 5 ಕಿ.ಮೀ. ನಡೆದಾರು. ಮಳೆಯಲ್ಲಿ, ವಯಸ್ಸಾದವರು ಮತ್ತು ಮಕ್ಕಳ ಜೊತೆ, ಮೂರು ದಿನ ನಡೆದು ನೊಂದ ಕಾಲಲ್ಲಿ, ಗಂಟೆಗೆ 3 ಕಿ.ಮೀ. ಹಿಡಿಯುವುದು ಸರಿ. ಹದಿನೈದು ಕಿ.ಮೀ. ಎಂದರೆ ಐದು ಗಂಟೆ, ನಿಲ್ಲುವುದು ಕೂರುವುದು ಬೇರೆ. ಹೀಗೆ ಹಿಂದಕ್ಕೆ ಎಣಿಸುತ್ತ ಬಂದು, ಹೊರಡಬೇಕಾದ ಹೊತ್ತು ಬೆಳಕು ಹರಿಯುವುದಕ್ಕೂ ಮೊದಲು ಎಂದು ಬಂದರೆ, ಆ ದಿನ ಇಡೀ ದಾರಿಯನ್ನು ನಡೆದು ಅಂದೇ ಊರು ಸೇರಲು ಆಗದು ಎಂದೇ ಅರ್ಥ. ಕತ್ತಲಲ್ಲಿ ಹೊರಟು ಹೊತ್ತು ಉಳಿಸುವ ಆಸೆ ಬೇಡ. ಮುಂಜಾವು, ಮುಸ್ಸಂಜೆ ಕಾಡುಪ್ರಾಣಿಗಳು ರಸ್ತೆ ದಾಟುವ ಹೊತ್ತು.

ಆಗ ಉಳಿಯುವ ಆಯ್ಕೆಗಳು ಮೂರು. ಕೌದಳ್ಳಿಯಿಂದ ತಾಳುಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಮಾತ್ರ ಹತ್ತುವುದು, ಕೌದಳ್ಳಿಯಿಂದ ಬೆಟ್ಟದ ಮೇಲಕ್ಕೇ ಬಸ್ಸು ಹತ್ತುವುದು, ಇಲ್ಲವೇ ನಡೆದೇ ಹೋಗಿ ಬೆಟ್ಟದಲ್ಲೊಂದು ರಾತ್ರಿ ಉಳಿಯುವುದು.

ಹರಕೆ ಹೊತ್ತವರಿಗೆ ‘ಬಸ್ಸು ಹತ್ತಿ’ ಎಂದರೆ ಮನಸ್ಸು ಒಪ್ಪುವುದಿಲ್ಲ. ಇದು ಸಣ್ಣ ಮಾತಲ್ಲ. ವರ್ಷವಿಡೀ ಕಾದು, ಊರಿಂದ ‘ಉಘೇ ಮಾದಪ್ಪ’ ಎನ್ನುತ್ತ ಬರಿಗಾಲಲ್ಲಿ ಬಂದವರಿಗೆ ಕೊನೆಯ ಕೆಲವು ಮೈಲಿ ಬಿಡುವುದು ನೋವಿನ ಸಂಗತಿ. ಆದರೆ ಒಂದನ್ನು ನೆನೆಯಬೇಕು. ತಾಳುಬೆಟ್ಟದವರೆಗೆ ವಾಹನದಲ್ಲಿ ಬಂದು, ಅಲ್ಲಿ ಪೂಜೆ ಮಾಡಿ, ಅಲ್ಲಿಂದ ಮೆಟ್ಟಿಲು ಹತ್ತುವ ಭಕ್ತರು ಪ್ರತಿ ಅಮಾವಾಸ್ಯೆಗೂ ಬರುತ್ತಾರೆ. ಆ ನಡಿಗೆಯನ್ನು ಯಾರೂ ಕಡಿಮೆಯೆಂದು ಎಣಿಸಿಲ್ಲ. ತಂಡದಲ್ಲಿ ಎಪ್ಪತ್ತರ ಅಜ್ಜಿ, ಸಕ್ಕರೆ ಕಾಯಿಲೆಯ ಚಿಕ್ಕಪ್ಪ, ಹತ್ತು ವರ್ಷದ ಹುಡುಗಿ ಇರುವಾಗ ಇಡೀ ತಂಡಕ್ಕೆ ಒಂದೇ ತೀರ್ಮಾನವಾಗಬೇಕೆಂಬ ಹಟವೂ ಬೇಡ. ಅರ್ಧ ಜನ ಬಸ್ಸಿನಲ್ಲಿ ಮುಂದೆ ಹೋಗಿ ಮೇಲೆ ಜಾಗ ಹಿಡಿದು ಕಾಯಬಹುದು, ಉಳಿದವರು ನಡೆದು ಸೇರಬಹುದು. ಇದನ್ನು ಹೇಳಬೇಕಾದವರು ತಂಡದ ಯಜಮಾನರೇ. ದಣಿದವರು ತಾವಾಗಿ ‘ನನ್ನ ಕೈಲಾಗದು’ ಎನ್ನುವುದಿಲ್ಲ.

ನೆನೆದ ಕಾಲು

ನೀರಿನಲ್ಲಿ ಹೊತ್ತುಗಟ್ಟಲೆ ನೆನೆದ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಆ ಚರ್ಮ ಸ್ವಲ್ಪ ಉಜ್ಜಿದರೂ ಸುಲಿಯುತ್ತದೆ, ಬೊಬ್ಬೆ ಏಳುತ್ತದೆ, ಬರಿಗಾಲಿನವರಿಗೆ ಸಣ್ಣ ಕಲ್ಲೂ ಹೊಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕಂದಕಗಳ ಕೆಸರಿನಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರು ಇದೇ ಕಾರಣಕ್ಕೆ ಕಾಲು ಕೆಡಿಸಿಕೊಂಡರು. ಬ್ರಿಟಿಷ್ ಸೇನೆ ಆಗ ಕಂಡುಕೊಂಡ ಉಪಾಯ ಸರಳ: ದಿನವೂ ಒಣ ಕಾಲುಚೀಲ, ಪಾದಕ್ಕೆ ಎಣ್ಣೆ, ಮತ್ತು ಸೈನಿಕರು ಜೋಡಿ ಜೋಡಿಯಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡುವುದು. ಪಾದಯಾತ್ರೆಯ ತಂಡಕ್ಕೂ ಇದು ಹಾಗೆಯೇ ಹೊಂದುತ್ತದೆ. ತನ್ನ ಅಂಗಾಲು ತನಗೆ ಕಾಣದು. ಗಂಡ ಹೆಂಡತಿ, ಅಕ್ಕ ತಂಗಿ, ಗೆಳೆಯರು ಕೌದಳ್ಳಿಯಲ್ಲಿ ಮಲಗುವ ಮುನ್ನ ಟಾರ್ಚ್ ಹಿಡಿದು ಒಬ್ಬರ ಪಾದ ಒಬ್ಬರು ನೋಡಿಕೊಳ್ಳಲಿ.

ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಗಾಳಿಗೆ ಬಿಡಬೇಕು. ಬೆಳಿಗ್ಗೆ ಹೊರಡುವಾಗ ಹಿಮ್ಮಡಿ, ಬೆರಳುಗಳಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿದರೆ ನೀರು ಇಂಗುವುದೂ ಉಜ್ಜಾಟವೂ ಕಡಿಮೆಯಾಗುತ್ತದೆ. ಬೊಬ್ಬೆಯನ್ನು ಪಿನ್ನಿನಿಂದ ಚುಚ್ಚುವ ಚಾಳಿ ಬಿಡಬೇಕು. ಕೆಸರಿನ ದಾರಿಯಲ್ಲಿ ಅದು ನಂಜಿಗೆ ಬಾಗಿಲು ತೆರೆದಂತೆ. ಶುಚಿಯಾದ ಬಟ್ಟೆಯ ಪಟ್ಟಿ ಕಟ್ಟಿ ಹಾಗೇ ಬಿಟ್ಟರೆ ಸಾಕು. ಮರಗಟ್ಟಿದ ಪಾದವನ್ನು ಬೆಂಕಿಯ ಹತ್ತಿರ ಒಡ್ಡುವುದು ಇನ್ನೂ ಕೆಟ್ಟದ್ದು. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಗೊತ್ತಾಗದು. ಸಕ್ಕರೆ ಕಾಯಿಲೆಯವರಿಗೆ ಬಹುಕಾಲದಿಂದ ಪಾದದ ಸ್ಪರ್ಶ ಕುಂದಿರುವ ಸಂಭವ ಹೆಚ್ಚು. ಅವರು ಮಳೆಯ ದಿನ ಬರಿಗಾಲಲ್ಲಿ ನಡೆಯಬಾರದು. ಹರಕೆಯಿದ್ದರೂ ಸರಿ, ಇಲ್ಲಿ ರಾಜಿ ಬೇಡ. ಗಾಯವಾದವರು ಕೌದಳ್ಳಿಯ ಆರೋಗ್ಯ ಕೇಂದ್ರದಲ್ಲೇ ತೊಳೆಸಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹೊರಡುವುದು ಲೇಸು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ ಇವೆ. ಆಂಬುಲೆನ್ಸಿಗೆ 108, ಬೇರೆ ಯಾವುದೇ ತುರ್ತಿಗೆ 112.

ಮೈಗೆ ಏನು ಹೊದೆಯಬೇಕು? ತೆಳ್ಳನೆಯ, ಒಮ್ಮೆ ಹಾಕಿ ಬಿಸಾಡುವ ಪ್ಲಾಸ್ಟಿಕ್ ರೇನ್‌ಕೋಟುಗಳು ಜಾತ್ರೆಯ ದಾರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಒಂದು ಗಂಟೆಯಲ್ಲಿ ಹರಿದು ಬೇಲಿಗೆ ಸಿಕ್ಕಿಕೊಳ್ಳುತ್ತವೆ. ಆ ಬೇಲಿಯ ಆಚೆ ವನ್ಯಜೀವಿಧಾಮ. ಈ ಸೀಮೆಯ ಕುರುಬರು, ರೈತರು ಮಳೆಗಾಲದಲ್ಲಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡೇ ಹೊಲದಲ್ಲಿ ನಿಂತವರು. ಉಣ್ಣೆ ನೆನೆದ ಮೇಲೂ ಮೈ ಬಿಸಿಯನ್ನು ಹಿಡಿದಿಡುತ್ತದೆ, ಭಾರವಾಗುವುದೊಂದೇ ತೊಂದರೆ. ಕಂಬಳಿ ಹೊರಲಾಗದವರು ಗಟ್ಟಿಯಾದ, ಮತ್ತೆ ಮತ್ತೆ ಬಳಸುವ ರೇನ್‌ಕೋಟು ತರಬೇಕು. ಕೊಡೆ ರಸ್ತೆಯಲ್ಲಿ ಸರಿ, ಮೆಟ್ಟಿಲಿನಲ್ಲಿ ಬೇಡ. ಅಲ್ಲಿ ಎರಡೂ ಕೈ ಬಿಡುವಾಗಿರಬೇಕು.

ಹಾಡುತ್ತ ನಡೆಯುವ ತಂಡದಲ್ಲಿ ಕಂಸಾಳೆ, ದಮ್ಮಡಿ, ತಂಬೂರಿ ಇರುತ್ತವೆ. ಕಂಚಿನ ಕಂಸಾಳೆಗೆ ಮಳೆ ಏನೂ ಮಾಡದು. ದಮ್ಮಡಿಯ ತೊಗಲು ಮಾತ್ರ ತೇವಕ್ಕೆ ಸಡಿಲಾಗಿ ದನಿ ಕಳೆದುಕೊಳ್ಳುತ್ತದೆ. ಅದನ್ನು ಮೊದಲೇ ದಪ್ಪ ಚೀಲದಲ್ಲಿ ಸುತ್ತಿ ಟೆಂಪೊದಲ್ಲಿಡಬೇಕು. ಆದರೆ ಹಾಡು ನಿಲ್ಲಬಾರದು, ಅದಕ್ಕೆ ಭಕ್ತಿಯ ಹೊರತಾಗಿ ಇನ್ನೊಂದು ಕಾರಣವೂ ಇದೆ. ಮಳೆಯ ಸದ್ದಿನಲ್ಲಿ ಆನೆಗೆ ಮನುಷ್ಯರ ಹೆಜ್ಜೆ ಕೇಳದು, ಮನುಷ್ಯರಿಗೆ ಕೊಂಬೆ ಮುರಿಯುವ ಸದ್ದು ಕೇಳದು. ಇಬ್ಬರೂ ತೀರ ಹತ್ತಿರ ಬಂದು ಬೆಚ್ಚಿಬೀಳುವುದೇ ಅಪಾಯ. ಒಟ್ಟಾಗಿ ದನಿ ಎತ್ತುತ್ತ ನಡೆಯುವ ಗುಂಪಿನ ಸುಳಿವು ದೂರದಿಂದಲೇ ಪ್ರಾಣಿಗಳಿಗೆ ಸಿಗುತ್ತದೆ. ಮುಂದೆ ಹತ್ತು ಜನ, ಹಿಂದೆ ಒಂದು ಮೈಲಿ ದೂರದಲ್ಲಿ ನಾಲ್ಕು ಜನ ಎಂದು ಹಂಚಿಹೋಗುವುದು ಸಲ್ಲದು. ಆನೆ, ಚಿರತೆಯ ಓಡಾಟ ಕಂಡಾಗ ಅರಣ್ಯ ಇಲಾಖೆ, ಪೊಲೀಸರು ನಡಿಗೆಯನ್ನು ತಡೆದರೆ ವಾದ ಬೇಡ.

ರಸ್ತೆಯಲ್ಲಿ ನಡೆಯುವಾಗ ಬಲಬದಿ ಹಿಡಿಯಬೇಕು, ಎದುರಿಗೆ ಬರುವ ವಾಹನ ಕಣ್ಣಿಗೆ ಬೀಳುವಂತೆ. ಮಳೆಯಲ್ಲಿ ಚಾಲಕನ ಗಾಜು ಮಸುಕಾಗಿರುತ್ತದೆ. ಬಿಳಿ ಪಂಚೆ, ತಿಳಿಬಣ್ಣದ ಸೀರೆ ದೂರಕ್ಕೆ ಕಾಣುತ್ತವೆ, ಕಪ್ಪು ಹೊದಿಕೆ ಕಾಣದು. ಸಾಲಿನ ಮುಂದೊಬ್ಬರು, ಹಿಂದೊಬ್ಬರು ಟಾರ್ಚ್ ಹಿಡಿದಿರಲಿ.

ಗುಡುಗು ಕೇಳಿತು ಎಂದರೆ ಸಿಡಿಲು ತಾಕುವ ದೂರದಲ್ಲಿ ಇದ್ದೇವೆ ಎಂದು ಅರ್ಥ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟೂ ಹೊತ್ತಿಲ್ಲದಿದ್ದರೆ ಸಿಡಿಲು 10 ಕಿ.ಮೀ. ಒಳಗೇ ಬಿದ್ದಿದೆ. ಕೂಡಲೇ ಗಟ್ಟಿ ಕಟ್ಟಡವನ್ನೋ ನಿಂತ ಬಸ್ಸನ್ನೋ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು. ಒಂಟಿ ಹುಣಸೆಮರದಡಿ ಗುಂಪಾಗಿ ನಿಲ್ಲುವುದು ನಮ್ಮವರ ಹಳೆಯ ರೂಢಿ, ಹೊಲಗಳಲ್ಲಿ ಸಿಡಿಲಿಗೆ ಬಲಿಯಾಗುವವರಲ್ಲಿ ಬಹಳ ಮಂದಿ ಹಾಗೆ ಮರದಡಿ ನಿಂತವರು. ಹಳ್ಳಗಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಬೆಟ್ಟದ ಮೇಲೆ ಸುರಿದ ಮಳೆ ಕೆಳಗಿನ ಹಳ್ಳಕ್ಕೆ ಬರಲು ಹೆಚ್ಚು ಹೊತ್ತು ಬೇಡ, ಇಲ್ಲಿ ಬಿಸಿಲಿದ್ದಾಗಲೂ ಕೆಂಪು ನೀರು ನುಗ್ಗಬಹುದು. ರಭಸವಾಗಿ ಹರಿಯುವ ನೀರು ಪಾದದ ಮೇಲೆ ಒಂದು ಗೇಣು ಬಂದರೂ ದೊಡ್ಡವರನ್ನೇ ಕೆಡವುತ್ತದೆ. ಕನಕಪುರ, ರಾಮನಗರದ ಕಡೆಯಿಂದ ಶಿವರಾತ್ರಿಗೆ ಬರುವವರು ಸಂಗಮದ ಕಡೆ ಕಾವೇರಿಯನ್ನು ನಡೆದು ದಾಟುವ ರೂಢಿಯಿದೆ. ಅದು ಹೊಳೆ ಇಳಿದ ಬೇಸಿಗೆಯ ದಾರಿ. ಹಿಂಗಾರಿನಲ್ಲಿ ಅವರು ಮಳವಳ್ಳಿ, ಕೊಳ್ಳೇಗಾಲದ ರಸ್ತೆಯನ್ನೇ ಹಿಡಿಯಬೇಕು.

ಬಸ್ಸು ಹತ್ತುವ ಮೊದಲು

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಡೆಯುವಾಗ ಮೈ ಬಿಸಿಯಾಗಿರುವುದರಿಂದ ಚಳಿ ತಿಳಿಯದು. ಬಸ್ಸಿನಲ್ಲಿ ಕೂತ ಮೇಲೆ, ಕಿಟಕಿಯ ಗಾಳಿಗೆ, ನೆನೆದ ಬಟ್ಟೆಯಲ್ಲೇ ಎರಡು ಮೂರು ಗಂಟೆ ಕಳೆದಾಗ ನಡುಕ ಹತ್ತುತ್ತದೆ. ಆದ್ದರಿಂದ ಮಳೆಯ ಕೊನೆಯ ದಿನಕ್ಕೆಂದೇ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್ಲು, ಒಂದು ಜೊತೆ ಕಾಲುಚೀಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೊದಲ ದಿನದಿಂದ ಮುಟ್ಟದೆ ಇಟ್ಟಿರಬೇಕು. ಈ ಚೀಲ ಟೆಂಪೊದಲ್ಲಿರಬಾರದು. ಟೆಂಪೊ ಕೆಳಗೆ, ಜನ ಮೇಲೆ ಆಗುವುದು ಜಾತ್ರೆಯಲ್ಲಿ ಸಾಮಾನ್ಯ.

ಹೆಂಗಸರಿಗೆ ಬಟ್ಟೆ ಬದಲಿಸುವ ಜಾಗವೇ ದೊಡ್ಡ ಚಿಂತೆ. ತಂಡದ ಗಂಡಸರು ಇದನ್ನು ಮರೆಯುತ್ತಾರೆ. ಬೆಟ್ಟ ಹತ್ತಿದ ಕೂಡಲೇ, ದರ್ಶನದ ಸಾಲಿಗೂ ಮುಂಚೆ, ಒಂದು ಕೊಠಡಿಯನ್ನೋ ಡಾರ್ಮಿಟರಿಯನ್ನೋ ಕೆಲವು ಗಂಟೆಗಾದರೂ ಹಿಡಿದರೆ ಸ್ನಾನ, ಬಟ್ಟೆ, ಶೌಚ ಮೂರಕ್ಕೂ ದಾರಿಯಾಗುತ್ತದೆ. ಆ ಖರ್ಚನ್ನು ಯಾತ್ರೆಯ ಚಂದಾದಲ್ಲೇ ಸೇರಿಸಿರಬೇಕು. ಹತ್ತಿ ಸೀರೆ ಬೇಗ ಒಣಗದು, ಈ ಒಂದು ದಿನಕ್ಕೆ ಹಗುರ ನೈಲಾನ್, ಪಾಲಿಯೆಸ್ಟರ್ ಸೀರೆಯೇ ಅನುಕೂಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಾರಿಗೆ ಸಂಸ್ಥೆಯ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಲೇಬೇಕು, ನಿರ್ವಾಹಕರು ಕೊಡುವ ಶೂನ್ಯ ಟಿಕೆಟ್ ಪಡೆಯಲೇಬೇಕು. ಮೂರು ದಿನ ಸೊಂಟದ ಚೀಲದಲ್ಲಿ ನೆನೆದ ಆಧಾರ್ ಕಾಗದ ಕೈಯಲ್ಲಿ ಕಿತ್ತುಬರುತ್ತದೆ. ಲ್ಯಾಮಿನೇಟ್ ಮಾಡಿಸಿದ್ದನ್ನು ತರುವುದು ಜಾಣತನ. ಖಾಸಗಿ ಬಸ್ಸಿನಲ್ಲಿ, ರಾಜಹಂಸದಂಥ ಮೇಲ್ದರ್ಜೆಯ ಬಸ್ಸಿನಲ್ಲಿ, ಪಾಲಾರ್ ದಾಟಿ ತಮಿಳುನಾಡಿನ ಕಡೆ ಹೋಗುವ ಪಯಣದಲ್ಲಿ ಈ ಸೌಲಭ್ಯವಿಲ್ಲ. ಕೊಳ್ಳೇಗಾಲದ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಓಡುವುದರಿಂದ ತಿರುಗಿ ಬರುವ ದುಡ್ಡನ್ನು ಪ್ರತಿಯೊಬ್ಬ ಹೆಂಗಸೂ ತನ್ನ ಬಳಿಯೇ ಇಟ್ಟಿರಬೇಕು, ಗಂಡನ ಜೇಬಿನಲ್ಲಲ್ಲ. ನೂಕುನುಗ್ಗಲಿನಲ್ಲಿ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುವುದು ಆಗಾಗ ಆಗುತ್ತದೆ.

ಜಾತ್ರೆಯ ದಿನಗಳಲ್ಲಿ ಬೈಕುಗಳನ್ನು ಬೆಟ್ಟಕ್ಕೆ ಬಿಡದ ಆದೇಶ ಜಿಲ್ಲಾಡಳಿತದಿಂದ ಬರುವುದುಂಟು. ಹಾಗಾದಾಗ ಕೆಳಗೆ ಬೈಕು ನಿಲ್ಲಿಸಿದವರೂ ಅದೇ ಬಸ್ಸುಗಳಿಗೆ ಬಂದು ಸೇರುತ್ತಾರೆ, ಬೆಟ್ಟದ ನಿಲ್ದಾಣದಲ್ಲಿ ಜನ ಇಮ್ಮಡಿಯಾಗುತ್ತಾರೆ. ‘ಬಸ್ ಎಷ್ಟೊತ್ಗ ಬತ್ತದ ಅಣ್ಣ?’ ಎಂದು ಅಕ್ಕಪಕ್ಕದವರನ್ನು ಕೇಳುವುದಕ್ಕಿಂತ ತಂಡದ ಇಬ್ಬರು ನೇರವಾಗಿ ಸಂಚಾರ ನಿಯಂತ್ರಕರ ಬಳಿ ಹೋಗಿ, ಎಷ್ಟು ಜನ, ಯಾವ ಕಡೆಗೆ ಎಂದು ಹೇಳುವುದು ಮೇಲು. ಒಂದೇ ಕಡೆಗೆ ಹೋಗುವ ದೊಡ್ಡ ಗುಂಪಿದೆ ಎಂದು ಗೊತ್ತಾದರೆ ಹೆಚ್ಚುವರಿ ಬಸ್ಸು ಬಿಡುವುದು ಅವರಿಗೂ ಸುಲಭ.

ಬಸ್ಸು ತಪ್ಪಿದಾಗ ಕಣ್ಣಿಗೆ ಬೀಳುವುದು ಸಾಮಾನಿನ ಟೆಂಪೊ. ಟಾರ್ಪಾಲ್ ಇದೆ, ಹತ್ತಿಕೊಳ್ಳಿ ಎಂದು ಯಾರೋ ಅನ್ನುತ್ತಾರೆ. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಹತ್ತಬೇಡಿ. ಸರಕು ಸಾಗಣೆ ವಾಹನದಲ್ಲಿ ಹೀಗೆ ಜನರನ್ನು ತುಂಬಲು ಕಾನೂನಿನಲ್ಲಿ ಅವಕಾಶವಿಲ್ಲ, ಅಪಘಾತವಾದರೆ ವಿಮೆಯ ಪರಿಹಾರ ಸಿಗುವುದೂ ಕಷ್ಟ. ಅದಕ್ಕಿಂತ ಮಿಗಿಲಾಗಿ, ಒದ್ದೆ ಘಾಟಿಯ ಇಳಿಜಾರಿನಲ್ಲಿ ಜನರ ಭಾರ ಒಂದು ಮಗ್ಗುಲಿಗೆ ವಾಲಿದರೆ ಆ ವಾಹನ ತಿರುವಿನಲ್ಲಿ ನಿಲ್ಲುವುದಿಲ್ಲ. ಬಸ್ಸಿಲ್ಲ ಎಂದಾದರೆ ಬೆಟ್ಟದಲ್ಲೇ ಉಳಿಯಬೇಕು. ಕ್ಷೇತ್ರದ ದಾಸೋಹದಲ್ಲಿ ಊಟವಿದೆ, ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ವಸತಿಗಳಿವೆ, ಅವು ತುಂಬಿದರೂ ಮಳೆಗೆ ಮರೆಯಾಗುವ ಮಂಟಪಗಳಿವೆ. ಮನೆಯವರಿಗೆ ‘ನಾಳೆ ಬರ್ತೀವಿ’ ಎಂದು ಒಂದು ಫೋನು ಮಾಡಿದರೆ ಸಾಕು. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಆ ಫೋನನ್ನು ಬೆಟ್ಟದಲ್ಲೇ ಮಾಡಿಬಿಡಬೇಕು. ತಪ್ಪಿಸಿಕೊಂಡವರು ಎಲ್ಲಿ ಬಂದು ಸೇರಬೇಕು ಎಂಬುದನ್ನೂ ಹಿಂದಿನ ದಿನವೇ ಗೊತ್ತುಮಾಡಿ, ಮಕ್ಕಳ ಮತ್ತು ವಯಸ್ಸಾದವರ ಜೇಬಿನಲ್ಲಿ ಊರಿನ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಬೇಕು.

ಊಟದ ಮಾತು ಸ್ವಲ್ಪ. ಕಟ್ಟಿಕೊಂಡು ಹೋಗುವುದಾದರೆ ತೇವದ ದಿನಕ್ಕೆ ತೆಂಗಿನತುರಿ ಹಾಕಿದ ಚಿತ್ರಾನ್ನಕ್ಕಿಂತ ಹುಣಸೆಯ ಪುಳಿಯೋಗರೆ ಬಾಳುತ್ತದೆ. ಕಡ್ಲೆಪುರಿ, ಬೆಲ್ಲ, ಕೊಬ್ಬರಿ ಕೈಚೀಲದಲ್ಲಿರಲಿ. ಮಳೆಯಲ್ಲಿ ಬಾಯಾರಿಕೆ ಆಗದು, ಆದರೆ ಬೆವರು ಹೋಗಿಯೇ ಇರುತ್ತದೆ. ಬೇದಿ ಕಂಡವರಿಗೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮವಾಗಿ ಅಳೆದು. ಘಾಟಿಯಲ್ಲಿ ವಾಂತಿಯಾಗುವವರು ಹೊಟ್ಟೆ ಬಿರಿಯ ಉಂಡು ಬಸ್ಸು ಹತ್ತಬಾರದು, ಹಿಂದಿನ ಸೀಟು ಬಿಟ್ಟು ಮುಂದೆ ಕೂರಬೇಕು.

ಮನೆ ಸೇರಿದ ಮೇಲೂ ಎರಡು ಮೂರು ವಾರ ಒಂದು ಎಚ್ಚರ ಇರಬೇಕು. ನಿಂತ ನೀರು, ಕೆಸರಿನಲ್ಲಿ ಗಾಯದ ಕಾಲಿಟ್ಟವರಿಗೆ ಇಲಿಜ್ವರ ತಗಲಬಹುದು. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ, ಕೆಲವೊಮ್ಮೆ ತಿಂಗಳ ತನಕವೂ, ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದರಿಂದ ಅದು ಶುರುವಾಗುತ್ತದೆ. ಪೊದೆ, ಹುಲ್ಲಿನಲ್ಲಿ ಕೂತವರಿಗೆ ಸಣ್ಣ ನುಸಿಯ ಕಡಿತದಿಂದ ಸ್ಕ್ರಬ್ ಟೈಫಸ್ ಬರಬಹುದು, ಅದಕ್ಕೆ ಹತ್ತು ದಿನದ ಆಸುಪಾಸು ಬೇಕು. ಎರಡಕ್ಕೂ ಮದ್ದಿದೆ, ಬೇಗ ಗೊತ್ತಾದರೆ ಸುಲಭವಾಗಿ ವಾಸಿಯಾಗುತ್ತವೆ. ಆದರೆ ಯಾತ್ರೆ ಮುಗಿದು ಎರಡು ವಾರದ ಮೇಲೆ ಬಂದ ಜ್ವರಕ್ಕೂ ಆ ದಿನದ ಮಳೆಗೂ ನಂಟು ಕಟ್ಟುವವರು ಕಡಿಮೆ. ಮಾತ್ರೆ ಅಂಗಡಿಯಲ್ಲಿ ಎರಡು ಗುಳಿಗೆ ಕೊಂಡು ನುಂಗುವ ಬದಲು ವೈದ್ಯರ ಬಳಿ ಹೋಗಿ, ಇಂಥ ದಿನ ಕೌದಳ್ಳಿಯಿಂದ ಬೆಟ್ಟಕ್ಕೆ ನಡೆದಿದ್ದೆ, ಹಳ್ಳದ ನೀರಲ್ಲಿ ಕಾಲಿಟ್ಟಿದ್ದೆ, ಕಾಲಲ್ಲಿ ಗಾಯವಿತ್ತು ಎಂದು ಬಿಡಿಸಿ ಹೇಳಬೇಕು. ಯಾವ ರಕ್ತಪರೀಕ್ಷೆ ಬರೆಯಬೇಕೆಂದು ಅವರಿಗೆ ಆಗ ತಿಳಿಯುತ್ತದೆ.